ಹೇಳಿದವರ ಮೈಮೇಲೆ

ನಮ್ಮ ಊರಿನಲ್ಲಿ ಯಾರೂ ಯಾರಿಗೂ ಕೆಲಸ ಹೇಳುವುದಿಲ್ಲ. ಹೇಳಿಸಿಕೊಂಡು ಹೊರಟವನಿಗೆ ಏಟು ಬಿದ್ದರೆ ಅದು ಹೇಳಿದವನ ಮೈಮೇಲೆ ಮೂಡುತ್ತದೆ, ಹೋದವನಿಗೆ ಏನೂ ಆಗುವುದಿಲ್ಲ. ಮೊದಲಿನಿಂದಲೂ ಹೀಗೇ. ಆದ್ದರಿಂದ ಗಂಡನಾದವನು ಹೆಂಡತಿಗೆ ನೀರು ಕೊಡು ಎನ್ನದೆ, ತಂಬಿಗೆಯ ಕಡೆ ನೋಡುತ್ತ "ಗಂಟಲು ಒಣಗೇತಿ" ಎನ್ನುತ್ತಾನೆ. ಅಂಗಡಿಗೆ ಹೋದವರು ಬೇಳೆಯ ಚೀಲದ ಮುಂದೆ ನಿಂತು ಸುಮ್ಮನೆ ಕೆಮ್ಮುತ್ತಾರೆ. ಗೌಂಡಿ ಮೇಸ್ತ್ರಿ "ಈ ಕಲ್ಲು ಅಲ್ಲಿದ್ದಿದ್ದರ ಗ್ವಾಡಿ ಚಂದ ಕಾಣ್ತಿತ್ತು" ಎಂದು ದಿನವಿಡೀ ಆಕಾಶಕ್ಕೆ ಹೇಳುತ್ತಿರುತ್ತಾನೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಒಂದೆರಡು ತಿಂಗಳು ಮೈಯೆಲ್ಲ ತರಚಿಸಿಕೊಂಡು ಆಮೇಲೆ ನಮ್ಮ ಹಾಗೆ ಮಾತಾಡುವುದನ್ನು ಕಲಿಯುತ್ತಾರೆ.

ತಾಯಂದಿರು ಮಾತ್ರ ಬೇರೆ. ಮಗು ಹೊಸ್ತಿಲು ದಾಟುವಾಗ ಅವರು ಬೇಕೆಂದೇ "ಹೋಗು, ಆಡು ಹೋಗು" ಎನ್ನುತ್ತಾರೆ. ರೊಟ್ಟಿ ಬಡಿಯುತ್ತಿರುವಾಗ ಮೊಣಕಾಲಿನಲ್ಲಿ ರಕ್ತ ಜಿನುಗಿದರೆ ಸೆರಗಿನಿಂದ ಒರೆಸಿಕೊಂಡು ರೊಟ್ಟಿ ತಿರುವಿ ಹಾಕುತ್ತಾರೆ. ನಮ್ಮ ಊರಿನ ಯಾವ ತಾಯಿಯ ಮೊಣಕಾಲೂ ಕಲೆಯಿಲ್ಲದೆ ಇಲ್ಲ. ನನ್ನ ಅವ್ವ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅದಾದ ಮೇಲೆ ನನಗೆ ಯಾರೂ ಏನನ್ನೂ ಹೇಳಿರಲಿಲ್ಲ.

ನಾನು ಹುಲಗಪ್ಪ. ಊರಿನ ಕಾವಲು ದಳದಲ್ಲಿ ಸಿಪಾಯಿಯಾಗಿದ್ದೆ, ದಳದ ಬೂಟು ಹೊಲಿಯುವವನೂ ನಾನೇ. ಹೇಳುವವರೇ ಇಲ್ಲದ ಊರಿನಲ್ಲಿ ದಂಡು ಹೇಗೆ ನಡೆಯುತ್ತದೆ ಎಂದು ನೀವು ಕೇಳಬಹುದು. ನಮ್ಮ ಶಂಕರಲಿಂಗ ಮೇಜರ್ ಸಾಹೇಬರು ನಡೆಸಿದ್ದು ಹೀಗೆ: ವೈರಿ ಬಂದಾಗ ಮೀಸೆ ತಿರುವುತ್ತ ಕೋಟೆಗೋಡೆಯ ಮೇಲೆ ನಿಂತು "ಇಷ್ಟ ಇದ್ದವರು ಹೋಗಬಹುದು" ಎನ್ನುತ್ತಿದ್ದರು. ನನ್ನ ಅಣ್ಣ ದುರಗಪ್ಪ ಹಾಗೆಯೇ ಇಷ್ಟಪಟ್ಟು ಹೋದ. ಅವನ ಜೊತೆ ಇನ್ನೂ ಹತ್ತು ಜನ ಹೋದರು, ಒಬ್ಬರೂ ಬರಲಿಲ್ಲ. ಮೇಜರ್ ಸಾಹೇಬರು ಮೈಮೇಲೆ ಒಂದು ಗೀರೂ ಇಲ್ಲದೆ ನಿವೃತ್ತರಾದರು. ಅವರಿಗೆ ಹಾರ ಹಾಕುವಾಗ ನಾನೂ ಚಪ್ಪಾಳೆ ತಟ್ಟಿದೆ. ಎಲ್ಲರೂ ತಟ್ಟುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿ ನಮ್ಮ ವೈರಿಗಳು, ಗುಡ್ಡದ ಆಚೆಯವರು, ಅದರ ಮೇಲಿನ ಬುರುಜನ್ನು ಹಿಡಿದರು. ಬುರುಜಿನಿಂದ ನೋಡಿದರೆ ನಮ್ಮ ಊರು ಅಂಗೈ ಮೇಲೆ ಇದ್ದ ಹಾಗೆ. ಯಾರ ಮನೆಯ ಮಾಳಿಗೆಯ ಮೇಲೆ ಏನು ಒಣಹಾಕಿದ್ದಾರೆ ಎಂಬುದೂ ಅವರಿಗೆ ಕಾಣುತ್ತಿತ್ತು. ದಿನಕ್ಕೆ ನಾಲ್ಕೈದು ಸಲ ಗುಂಡು ಬಂದು ಓಣಿಯಲ್ಲಿ ಬೀಳತೊಡಗಿತು. ಒಂದು ವಾರದಲ್ಲಿ ಆರು ಜನ ಸತ್ತರು. ಊರಿನ ಹಿರಿಯರು ಸಭೆ ಸೇರಿ, ಯಾರನ್ನೂ ನೋಡದೆ, "ಯಾರಾದರೂ ಬುರುಜಿನ ಕಡೆ ಹೋದರ ಊರು ಉಳೀತಿತ್ತೇನೋ" ಎಂದು ಮಾತಾಡಿಕೊಂಡು ಎದ್ದುಹೋದರು.

ಆಗ ಬಂದವರು ಕ್ಯಾಪ್ಟನ್ ಅಡಿವೆಪ್ಪ. ಅವರು ನಮ್ಮ ಊರಿನವರೇ, ಊರಿನ ಹಿಂದಿನ ಅಗಸಿ ಬಾಗಿಲಿನ ಪಕ್ಕದ ಮನೆಯ ನೀಲವ್ವನ ಮಗ. ಹದಿನೈದು ವರ್ಷ ಹೊರಗಿನ ಸೈನ್ಯದಲ್ಲಿದ್ದರು. ಅವರು ಊರು ಬಿಟ್ಟ ದಿನದ ಮಾತನ್ನು ಓಣಿಯವರು ಈಗಲೂ ಹೇಳುತ್ತಾರೆ. ಎಲ್ಲಿ ಅವ್ವ "ಹೋಗಿ ಬಾ" ಎಂದುಬಿಡುತ್ತಾಳೋ, ತನಗೆ ಬೀಳುವ ಗುಂಡೆಲ್ಲ ಎಲ್ಲಿ ಆಕೆಯ ಮೈಗೆ ಬೀಳುತ್ತವೋ ಎಂದು, ಹೊಸ್ತಿಲಲ್ಲಿ ಆಕೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದು, ಕೈಬಿಟ್ಟವರೇ ತಿರುಗಿ ನೋಡದೆ ಓಡಿಹೋದರಂತೆ. ನೀಲವ್ವ ಅವತ್ತಿನಿಂದ ಬಾಗಿಲ ಕಟ್ಟೆಯ ಮೇಲೆ ಕೂತು, ಹೇಳಲಾಗದ ಆ ಮಾತನ್ನು ಬಾಯೊಳಗೇ ಇಟ್ಟುಕೊಂಡಿದ್ದಳು.

ಕ್ಯಾಪ್ಟನ್ ಸಾಹೇಬರು ಮೊದಲ ದಿನ ನಮ್ಮನ್ನು ಅಂಗಳದಲ್ಲಿ ನಿಲ್ಲಿಸಿಕೊಂಡರು. ನಾವು ಮೂವತ್ತೆರಡು ಜನ. ಅವರೋ ಕುಳ್ಳಗೆ, ಸ್ವಲ್ಪ ಬೊಜ್ಜಿನ ಮನುಷ್ಯ. ಇವರಿಂದ ಏನಾದೀತು ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಅವರು ಒಂದು ಬೂಟು ಕಳಚಿ ನನ್ನ ಕಡೆ ಚಾಚಿದರು.

"ಹುಲಗಪ್ಪ, ಇದರ ಹಿಮ್ಮಡಿ ಬಿಚ್ಚೇತಿ. ಹೊಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ಹೊರಗಿದ್ದು ಬಂದ ಮನುಷ್ಯ, ಊರಿನ ರೀತಿ ಮರೆತಿದ್ದಾರೆ ಎಂದುಕೊಂಡೆ.

"ಹೊಲಿದ್ರ ಚಲೋ ಆಗ್ತಿತ್ತು ಅನ್ನೂದಿತ್ತೇನ್ರಿ ಸಾಹೇಬ್ರ?"

"ಅಲ್ಲ. ಹೊಲಿ ಅಂದೆ."

ಹೊಲಿಯಲು ಕೂತೆ. ಇಪ್ಪತ್ತೆರಡು ವರ್ಷಗಳ ಮೇಲೆ ಯಾರೋ ನನಗೆ ಒಂದು ಕೆಲಸ ಹೇಳಿದ್ದರು. ದಪ್ಪ ಸೂಜಿ ಜಾರಿ ಹೆಬ್ಬೆರಳಿಗೆ ನುಗ್ಗಿತು. ನನಗೆ ಸೂಜಿಯ ತಣುಪು ಮಾತ್ರ ಗೊತ್ತಾಯಿತು. ತಲೆ ಎತ್ತಿದರೆ ಅವರ ಹೆಬ್ಬೆರಳಿನ ಮೇಲೆ ಒಂದು ಹನಿ ರಕ್ತ ನಿಂತಿತ್ತು. ಅವರು ಅದನ್ನು ಪ್ಯಾಂಟಿಗೆ ಒರೆಸಿಕೊಂಡು, "ದಾರಕ್ಕ ಮೇಣ ಹಚ್ಚೀಯಿಲ್ಲೋ?" ಎಂದು ಕೇಳಿದರು. ನನ್ನ ಅವ್ವನ ನೆನಪಾಯಿತು. ಹಚ್ಚೀನ್ರಿ ಎಂದೆ.

ಆಮೇಲೆ ಮೂರು ದಿನ ಅವರು ನನ್ನನ್ನು ಬಿಡಲಿಲ್ಲ. ಎಲ್ಲರ ಬೂಟುಗಳನ್ನೂ ಸಾಲಾಗಿ ಬೋರಲು ಹಾಕಿಸಿ ಒಂದೊಂದರ ಅಟ್ಟೆಯನ್ನೂ ತೋರಿಸಿ ಕೇಳಿದರು.

"ಇದು ಯಾರದು? ಮುಂದಷ್ಟ ಸವದೈತಿ."

"ಸೋಮಲಿಂಗಂದ್ರಿ. ಮುಂಗಾಲ ಮ್ಯಾಲ ಓಡ್ತಾನ. ಹುಟ್ಟಾ ಅವಸರದವ."

"ಇದು?"

"ಗ್ಯಾನಪ್ಪಂದು. ಬಲಕ್ಕ ವಾಲತಾನ್ರಿ. ಎಡಗಿವಿ ಕೇಳೂದಿಲ್ಲ, ದನಿ ಬಂದ ಕಡೆ ತಿರುಗಿ ತಿರುಗಿ ಹಂಗಾಗೇತಿ."

ನಾನು ಇಷ್ಟು ವರ್ಷ ಬೂಟು ಹೊಲಿದಿದ್ದೆ, ಅವುಗಳಲ್ಲಿ ಮನುಷ್ಯರಿದ್ದಾರೆ ಎಂದು ನನಗೇ ಹೊಳೆದಿರಲಿಲ್ಲ. ಸಾಹೇಬರು ಮಣ್ಣಿನಲ್ಲಿ ಗುಡ್ಡ ಮಾಡಿ, ಬುರುಜಿನ ದಾರಿಯ ಬಂಡೆಗಳನ್ನೆಲ್ಲ ಹರಳಿನಿಂದ ಗುರುತಿಸಿ, ಯಾವ ಬಂಡೆಯ ಮರೆ ಯಾರ ಎತ್ತರಕ್ಕೆ ಸಾಕು, ಯಾರ ಉಸಿರು ಎಷ್ಟು ದೂರ ಬರುತ್ತದೆ ಎಂದು ಒಬ್ಬೊಬ್ಬನಿಗೂ ಒಂದೊಂದು ದಾರಿ ಹಾಕಿದರು. ಬೂಟಿನ ಮೊಳೆಗಳು ಬಂಡೆಯ ಮೇಲೆ ಸದ್ದು ಮಾಡುತ್ತವೆಂದು ಎಲ್ಲವನ್ನೂ ನನ್ನಿಂದ ಕೀಳಿಸಿದರು. ಹೋಗುವುದು ನಡುಮಧ್ಯಾಹ್ನಕ್ಕೆ ಎಂದು ಗೊತ್ತಾಯಿತು. ಬಂಡೆ ಕಾದ ಹೊತ್ತಿನಲ್ಲಿ ಯಾರಾದರೂ ಬಂದಾರು ಎಂದು ಆಚೆಯವರು ನೆನೆಸುವುದಿಲ್ಲ, ನೆರಳಿನಲ್ಲಿ ಊಟಕ್ಕೆ ಕೂತಿರುತ್ತಾರೆ.

ಹೊರಡುವ ಮುಂಚೆ ನಾವು ಒಂದು ತಪ್ಪು ಮಾಡಿದೆವು. ನಮ್ಮ ಊರಿನವರು ಮಾತ್ರ ಮಾಡುವಂಥ ತಪ್ಪು ಅದು. ಬುತ್ತಿ ಬಿಚ್ಚಿ ಕೂತಾಗ ಸೋಮಲಿಂಗ ಹೇಳಿದ: "ಅವರ ಬಾಯಿಂದ ಮಾತು ಬರೂದರೊಳಗ ನಾವ ಓಡಿಬಿಡೂಣು. ಹೇಳಿಸ್ಕೊಳ್ಳದ ಹೋದ್ರ ಗಾಯ ನಮ್ಮದ ಆಗ್ತೈತಿ. ಮನಷ್ಯಾ ಉಳೀತಾನ." ಎಲ್ಲರೂ ಹೂಂ ಎಂದೆವು. ನನಗಂತೂ ಇದಕ್ಕಿಂತ ದೊಡ್ಡ ಮಾತಿಲ್ಲ ಅನ್ನಿಸಿತು.

ಮಧ್ಯಾಹ್ನ ಸಾಹೇಬರು ಕೈ ಎತ್ತಿ ಇನ್ನೂ ಬಾಯಿ ತೆರೆಯುವ ಮೊದಲೇ ಸೋಮಲಿಂಗ ಜಿಗಿದ. ಅವನ ಹಿಂದೆ ನಾವೆಲ್ಲ ಒಟ್ಟಿಗೆ ನುಗ್ಗಿದೆವು. ಮೂರು ದಿನ ಹಾಕಿದ ದಾರಿಗಳೆಲ್ಲ ಒಂದರ ಮೇಲೊಂದು ಬಿದ್ದು ಗೋಜಲಾದವು. ಒಬ್ಬನ ಬಂಡೆಯ ಹಿಂದೆ ನಾಲ್ವರು, ಇನ್ನೊಂದು ಬಂಡೆ ಖಾಲಿ. ಬುರುಜಿನಿಂದ ಗುಂಡು ಸುರಿಯಿತು. ಸೋಮಲಿಂಗನ ಎದೆಗೆ ಬಿತ್ತು. ಅವನು ಹೇಳಿಸಿಕೊಂಡು ಹೋದವನಲ್ಲ, ಹಾಗಾಗಿ ಸಾವು ಅವನದೇ ಆಯಿತು.

"ಎಲ್ಲಾರೂ ಕೆಳಗ ಬರ್ರಿ," ಎಂದು ಸಾಹೇಬರು ಕೂಗಿದರು. ಇಳಿಯುವಾಗ ಗ್ಯಾನಪ್ಪನ ತೋಳಿಗೆ ಬಡಿದ ಗುಂಡು ಅವರ ತೋಳಿನಲ್ಲಿ ಮೂಡಿತು. ಅದನ್ನು ಅವರು ನೋಡಿಕೊಳ್ಳಲೂ ಇಲ್ಲ. ಸೋಮಲಿಂಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತರು.

"ಯಾರ ವಿಚಾರ ಇದು?"

ನಾನೇ ಹೇಳಿದೆ. "ಎಲ್ಲಾರದೂ ರೀ. ನಿಮ್ಮ ಮ್ಯಾಲಿನ ಪ್ರೀತಿಗೆ."

"ಇವನ ಸಾವು ನನಗ ಬರಬೇಕಾಗಿತ್ತು," ಎಂದರು. ದನಿ ಏರಿಸಲಿಲ್ಲ. "ನೀವು ನನ್ನ ಕೈಯಾಗಿಂದ ಕಸಗೊಂಡು ಇವಂಗ ಕೊಟ್ರಿ. ಇವನ ಅವ್ವಗ ನಾನು ಏನಂತ ಹೇಳಲಿ?" ಸೋಮಲಿಂಗನ ಕಣ್ಣು ಮುಚ್ಚಿಸಿ ಮತ್ತೆ ಹೇಳಿದರು: "ನಾಳೆ ಮತ್ತ ಹೋಗೂದೈತಿ. ನಿಮಗ ನನ್ನ ಮ್ಯಾಲ ಖರೇನ ಪ್ರೀತಿ ಇದ್ರ, ನಾನು ಹೆಸರು ಹಿಡಿದು ಕರದಾಗ ಹೋಗ್ರಿ, ಹೇಳಿದ ಕಲ್ಲಿನ ಹಿಂದ ತಲಿ ಬಗ್ಗಿಸಿ ಕುಂಡ್ರಿ. ನಿಮ್ಮ ಜೀವ ನಾಳೆ ನಿಮ್ಮದಲ್ಲ, ನಂದು. ನೀವು ಜ್ವಾಕಿ ಇದ್ದಷ್ಟು ಹೊತ್ತು ನಾನು ಇರ್ತೇನಿ."

ಸೋಮಲಿಂಗನ ಮನೆಗೆ ಅವರೇ ಹೋದರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಅವನ ಅವ್ವ ಗಂಗವ್ವ ಅಳುವುದು ಮಾತ್ರ ಓಣಿಗೆಲ್ಲ ಕೇಳಿಸಿತು.

ಮರುದಿನ ಮಧ್ಯಾಹ್ನ ನಡೆದದ್ದನ್ನು ನಾನು ಕಣ್ಣಾರೆ ನೋಡಿದೆ. ನೋಡಿದ್ದರಿಂದಲೇ ನಂಬುತ್ತೇನೆ. ಗುಡ್ಡದ ಅರ್ಧಕ್ಕೆ ಒಂದು ಚಪ್ಪಟೆ ಬಂಡೆ ಇದೆ. ಸಾಹೇಬರು ಅದರ ಮೇಲೆ ಬಟ್ಟ ಬಯಲಿನಲ್ಲಿ ನಿಂತರು. ಮರೆಯಲ್ಲಿ ನಿಂತರೆ ಗ್ಯಾನಪ್ಪನಿಗೆ ಅವರ ಕೈ ಕಾಣುವುದಿಲ್ಲ, ಮೇಲಿನವರಿಗೆ ದನಿ ಕೇಳುವುದಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು, ಕೊನೆಗೆ ಕಳಿಸುವುದಕ್ಕೆ.

"ಬರಮಪ್ಪ, ಕರೀ ಕಲ್ಲಿನತನಕ ಹೋಗು. ಗ್ಯಾನಪ್ಪ, ಕಳ್ಳಿ ಸಾಲಿನ ಹಿಂದ." ಒಬ್ಬೊಬ್ಬರ ಹೆಸರೂ ಬಂತು, ಒಬ್ಬೊಬ್ಬರೂ ಹೋದರು. ಬೆಳಿಗ್ಗೆ ಅಟೆಂಡೆನ್ಸ್ ಕರೆಯುವ ಮಾಸ್ತರರ ದನಿಗಿಂತ ಹೆಚ್ಚಿನ ಏರಿಳಿತ ಅದರಲ್ಲಿ ಇರಲಿಲ್ಲ. ಮೊದಲು ಅವರ ಬೂಟಿನಿಂದ ಸುಟ್ಟ ವಾಸನೆ ಬಂತು. ಕಾದ ಬಂಡೆಯ ಬಿಸಿ ಮೂವತ್ತು ಜನರ ಅಂಗಾಲು ಬಿಟ್ಟು ಅವರ ಅಂಗಾಲಿಗೆ ಬಂದು ಸೇರುತ್ತಿತ್ತು. ಅವರು ಕಾಲು ಕೂಡ ಬದಲಿಸಲಿಲ್ಲ. ಆಮೇಲೆ ಮೇಲೆ ಗುಂಡಿನ ಸದ್ದು ಶುರುವಾಯಿತು. ಬರಮಪ್ಪನ ಹೆಗಲಿಗೆ ಬಡಿದಾಗ ಅವನು ಮುಗ್ಗರಿಸಿ ಎದ್ದು ಓಡಿದ, ಇವರ ಹೆಗಲಿನ ಅಂಗಿ ಕೆಂಪಾಯಿತು. ಯಾರದೋ ಕಿವಿಯ ತುದಿ ಹೋಯಿತು, ಇವರ ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯಿತು. ತೊಡೆಗೆ ಒಂದು ಬಂದಾಗ ಹೆಸರಿನ ನಡುವೆ ಉಸಿರು ನಿಂತಿತು. ಅವರು ಆ ಹೆಸರನ್ನು ಮತ್ತೆ ಮೊದಲಿನಿಂದ, ಪೂರ್ತಿಯಾಗಿ ಕರೆದರು.

ನಾನು ದಂಡಿನಲ್ಲಿ ಹನ್ನೊಂದು ವರ್ಷ ಇದ್ದವನು. ಜೀವಕ್ಕೆ ಹೆದರಿ ಬಗ್ಗಿ ನಡೆದವರನ್ನು ಕಂಡಿದ್ದೇನೆ, ನಾನೂ ನಡೆದಿದ್ದೇನೆ. ಇನ್ನೊಬ್ಬನ ಜೀವಕ್ಕೆ ಹೆದರಿ ಇಡೀ ದಳ ನೆಲಕ್ಕೆ ಅಂಟಿಕೊಂಡು ಹತ್ತುವುದನ್ನು ಅವತ್ತೇ ಕಂಡದ್ದು. ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವಾಗ ಎಷ್ಟು ಜತನವೋ ಅಷ್ಟು ಜತನದಿಂದ ಒಬ್ಬೊಬ್ಬನೂ ತನ್ನ ಮೈಯನ್ನು ತಾನು ಹೊತ್ತುಕೊಂಡು ಹೋಗುತ್ತಿದ್ದ.

"ಹುಲಗಪ್ಪ," ಎಂದರು ಸಾಹೇಬರು. ನನ್ನ ಸರದಿ. "ಬುರುಜಿನ ಬಾಗಿಲಿಗೆ ಹೋಗು. ಅಗಳಿ ತಗಿ."

ಎದ್ದು ಹೋದೆ. ತೆವಳಿದೆ, ಹೊರಳಿದೆ, ಹಣೆಯನ್ನು ಮಣ್ಣಿಗೆ ಹಚ್ಚಿ ಕೂತೆ. ಇಷ್ಟು ಹೇಡಿಯಾಗಿ ನಾನು ಹಿಂದೆಂದೂ ನಡೆದಿರಲಿಲ್ಲ, ಇಷ್ಟು ಧೈರ್ಯವೂ ನನಗೆ ಇರಲಿಲ್ಲ. ಬಾಗಿಲ ಹತ್ತಿರ ಒಬ್ಬ ನನ್ನ ಸೊಂಟಕ್ಕೆ ಬಂದೂಕು ಹಿಡಿದು ಹಾರಿಸಿದ. ಯಾರೋ ಪಕ್ಕದಿಂದ ತಳ್ಳಿದ ಹಾಗಾಯಿತು, ಅಷ್ಟೇ. ನಾನು ನಿಂತೇ ಇದ್ದೆ. ಅವನು ನನ್ನ ಸೊಂಟವನ್ನು ನೋಡಿದ. ಅಂಗಿಯಲ್ಲಿ ತೂತು, ಕೆಳಗೆ ಚರ್ಮ ಹಾಗೇ ಇತ್ತು. ಅವನ ಮುಖದಲ್ಲಿ ಬಂದ ಭಯವನ್ನು ನಾನು ಮರೆಯಲಾರೆ. ನಾನು ಕೈ ಚಾಚಿ ಅಗಳಿ ತೆಗೆದೆ. ಆ ಹೊತ್ತಿಗೆ ಮೂರೂ ಕಡೆಯಿಂದ ನಮ್ಮವರು ಏರಿ ಬರುತ್ತಿದ್ದರು, ಗುಂಡು ತಾಗಿದವರೂ ಬರುತ್ತಿದ್ದರು. ಆಚೆಯವರು ಬಂದೂಕು, ಚಪ್ಪಲಿ, ಅರ್ಧ ತಿಂದ ಊಟ ಎಲ್ಲ ಬಿಟ್ಟು ಆಚೆಯ ಇಳಿಜಾರಿನಲ್ಲಿ ಓಡಿದರು.

ನಾನು ಕೆಳಗೆ ನೋಡಿದೆ. ಚಪ್ಪಟೆ ಬಂಡೆಯ ಮೇಲೆ ಸಾಹೇಬರು ಇನ್ನೂ ನಿಂತಿದ್ದರು. ನಾವು ಬುರುಜಿನ ಮೇಲೆ ಬಟ್ಟೆ ಬೀಸಿದ್ದನ್ನು ಕಂಡ ಮೇಲೆ ಮೆಲ್ಲಗೆ ಕೂತರು.

ನಾವು ಇಳಿದು ಬಂದು ನೋಡಿದಾಗ ಅವರ ಮೈಯಲ್ಲಿ ಹದಿನಾಲ್ಕು ಗಾಯಗಳಿದ್ದವು. ಹದಿಮೂರು ನಮ್ಮವು, ಬಯಲಿನಲ್ಲಿ ನಿಂತದ್ದಕ್ಕೆ ಬಿದ್ದ ಒಂದು ಮಾತ್ರ ಅವರದೇ. ನನಗೆ ಬಿದ್ದ ಗುಂಡು ಅವರ ಸೊಂಟದ ಮೂಳೆಯನ್ನು ಮುರಿದಿತ್ತು. ಡಾಕ್ಟರು ಇದ್ದದ್ದು ಊರಿನಲ್ಲಿ, ವಯಸ್ಸಾದವರು, ಗುಡ್ಡ ಹತ್ತಲಾರರು. ಗುಡ್ಡದಿಂದ ಊರಿಗೆ ಇಳಿಯುವ ದಾರಿಯೆಂದರೆ ಬಂಡೆಯ ಸೀಳು. ಇನ್ನೂರು ಮೆಟ್ಟಿಲು, ಒಬ್ಬರು ಅಡ್ಡಡ್ಡ ನಡೆದರೆ ಹಿಡಿಸುವಷ್ಟು ಇಕ್ಕಟ್ಟು. ಮಲಗಿಸಿ ಒಯ್ಯುವ ಹೊರಸು ಹೋಗುವುದಿಲ್ಲ, ಬೆನ್ನ ಮೇಲೆ ಹೊತ್ತರೂ ಹೋಗುವುದಿಲ್ಲ. ಸೋಮಲಿಂಗನ ಹೆಣವನ್ನು ಹಗ್ಗ ಕಟ್ಟಿ ಜಾರಿಸಿದ್ದೆವು, ಬದುಕಿದವನನ್ನು ಹಾಗೆ ಇಳಿಸಲಾಗದು. ಇಳಿಯುವವನು ತನ್ನ ಕಾಲಿನಿಂದಲೇ ಇಳಿಯಬೇಕು. ಸಾಹೇಬರು ಗೋಡೆ ಹಿಡಿದು ಒಂದು ಮೆಟ್ಟಿಲು ಇಳಿದರು, ಕಣ್ಣು ತೇಲಿಸಿದರು.

"ಸಾಕು. ನೀವು ಮನಿಗೆ ಹೋಗ್ರಿ," ಎಂದರು.

ಅದು ಹೇಳಿದ ಮಾತು. ಹೋಗಬೇಕಾಗಿತ್ತು. ನಾನು ಹೋಗಲಿಲ್ಲ. ಅವರ ಕೆಳಗಿನ ಮೆಟ್ಟಿಲಿನಲ್ಲಿ ನಿಂತು, ನಮ್ಮ ಊರಿನಲ್ಲಿ ಸಿಪಾಯಿಯೊಬ್ಬ ಸಾಹೇಬರಿಗೆ ಎಂದೂ ಆಡದ ಮಾತನ್ನು ಆಡಿದೆ.

"ಎಡಗಾಲು ಮುಂದಿಡ್ರಿ."

ಅವರು ನನ್ನನ್ನು ನೋಡಿದರು. "ಹುಲಗಪ್ಪ, ನನ್ನ ನೋವು ನನಗಿರಲಿ."

"ಇಷ್ಟೊತ್ತು ನಾವು ನಿಮ್ಮ ಮಾತು ಕೇಳೇವ್ರಿ. ಈಗ ನೀವು ನಮ್ಮ ಮಾತು ಕೇಳ್ರಿ. ಎಡಗಾಲು ಮುಂದಿಡ್ರಿ ಅಂದೆ."

ಅವರು ಹೇಳಿಸಿಕೊಂಡ ಹುಡುಗನ ಹಾಗೆ ತಲೆ ತಗ್ಗಿಸಿ ಎಡಗಾಲನ್ನು ಕೆಳಗಿನ ಮೆಟ್ಟಿಲಿಗೆ ಇಟ್ಟರು. ನನ್ನ ಸೊಂಟದಲ್ಲಿ ಏನೋ ಸೀಳಿತು. ಗೋಡೆಗೆ ಒರಗಿ ಹಲ್ಲು ಕಚ್ಚಿದೆ. ಒಂದು ಮೆಟ್ಟಿಲಿನ ನೋವು ಇಷ್ಟು. ಇದನ್ನು ಮೈತುಂಬ ಇಟ್ಟುಕೊಂಡು ಈ ಮನುಷ್ಯ ನಮ್ಮ ಹೆಸರುಗಳನ್ನು ತಪ್ಪಿಲ್ಲದೆ ಕರೆದಿದ್ದರು. ನಾಲ್ಕು ಮೆಟ್ಟಿಲು ಇಳಿಸಿದೆ, ಐದನೆಯದಕ್ಕೆ ನನ್ನಿಂದ ದನಿ ಬರಲಿಲ್ಲ. ಮೇಲಿನಿಂದ ಬರಮಪ್ಪ, "ಸಾಹೇಬ್ರ, ಇಳೀರಿ" ಎಂದ. ಅವನಾದ ಮೇಲೆ ಗ್ಯಾನಪ್ಪ. ಹೀಗೆ ಮೂವತ್ತೊಂದು ಜನ ನಾಲ್ಕು ನಾಲ್ಕು, ಐದು ಐದು ಮೆಟ್ಟಿಲು ಇಳಿಸಿದೆವು. ಸೀಳಿನ ದೊಡ್ಡ ತಿರುವಿಗೆ ಬಂದಾಗ ನಮ್ಮಲ್ಲಿ ನೆಟ್ಟಗೆ ನಿಲ್ಲುವವನು ಒಬ್ಬನೂ ಉಳಿದಿರಲಿಲ್ಲ. ಇನ್ನೂ ಐವತ್ತು ಮೆಟ್ಟಿಲಿತ್ತು. ಸಾಹೇಬರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಆಗ ಕೆಳಗಿನಿಂದ, ಅಗಸಿಯ ಕಡೆಯಿಂದ, ಒಂದು ಹೆಂಗಸಿನ ದನಿ ಬಂತು.

"ಒಂದು ಮೆಟ್ಟಿಲು ಇಳಿಯೋ ಯಪ್ಪಾ."

ಗಂಗವ್ವ. ನಿನ್ನೆ ಮಗನನ್ನು ಮಣ್ಣು ಮಾಡಿದ ಗಂಗವ್ವ. ಸಾಹೇಬರು ಇಳಿದರು, ಕೆಳಗೆ ಆಕೆ ಹಾಯ್ ಎಂದದ್ದು ಕೇಳಿಸಿತು. ಅದರ ಹಿಂದೆ ಇನ್ನೊಂದು ದನಿ ಬಂತು, ಮತ್ತೊಂದು ಬಂತು. ಊರಿಗೆ ಊರೇ ಅಗಸಿಯಲ್ಲಿ ನಿಂತಿತ್ತು. ಹೆಂಡತಿಯನ್ನು ನೀರು ಕೇಳದವರು, ಅಂಗಡಿಯಲ್ಲಿ ಕೆಮ್ಮುವವರು, ಆಕಾಶಕ್ಕೆ ಮಾತಾಡುವ ಮೇಸ್ತ್ರಿ, ಎಲ್ಲರೂ ಸರದಿಯ ಮೇಲೆ ಗಂಟಲು ಬಿಚ್ಚಿ ಇಳಿ ಎಂದರು, ಇಳೀರಿ ಎಂದರು, ಬಾ ಎಂದರು. ಒಬ್ಬೊಬ್ಬರಿಗೆ ಒಂದೊಂದು ಮೆಟ್ಟಿಲು. ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಏಳಲಿಲ್ಲ. ನಡುವೆ ಒಂದು ದಪ್ಪ ದನಿ ಬಂತು, "ಅಡಿವೆಪ್ಪ, ಇಳಿ." ಅದು ಶಂಕರಲಿಂಗ ಮೇಜರ್ ಸಾಹೇಬರದು. ಅವರು ಬದುಕಿನಲ್ಲಿ ಕೊಟ್ಟ ಮೊದಲ ಆರ್ಡರು ಅದೇ ಇರಬೇಕು. ಅವರು ಬಿದ್ದ ಸದ್ದೂ ಕೇಳಿಸಿತು. ನನ್ನ ಅಣ್ಣನ ವಿಷಯದಲ್ಲಿ ನಾನು ಅವರನ್ನು ಕ್ಷಮಿಸಿದ್ದೇನೆ ಎಂದಲ್ಲ, ಆದರೆ ಆ ಮೆಟ್ಟಿಲು ಅವರದು.

ಕೊನೆಯ ಮೆಟ್ಟಿಲಿನ ಬುಡಕ್ಕೇ ನೀಲವ್ವನ ಮನೆಯ ಬಾಗಿಲು. ಡಾಕ್ಟರು ಪೆಟ್ಟಿಗೆ ಬಿಚ್ಚಿಕೊಂಡು ಒಳಗೆ ಕೂತಿದ್ದರು. ನೀಲವ್ವ ಚೌಕಟ್ಟು ಹಿಡಿದು ನಿಂತಿದ್ದಳು. ಮಗ ಮೆಟ್ಟಿಲ ಮೇಲೆ ನಿಂತು ಬೇಡ ಎಂದು ತಲೆಯಾಡಿಸಿದರು, ಹದಿನೈದು ವರ್ಷದ ಹಿಂದಿನಂತೆ ಆಕೆಯ ಬಾಯಿಯ ಕಡೆ ಕೈ ಚಾಚಿದರು. ಕೈ ಅಲ್ಲಿಯವರೆಗೆ ಮುಟ್ಟಲಿಲ್ಲ.

"ಒಳಗ ಬಾ," ಎಂದಳು ನೀಲವ್ವ.

ಅವರು ಹೊಸ್ತಿಲು ದಾಟಿದರು. ಆಕೆ ಬಗ್ಗಲಿಲ್ಲ, ಚೌಕಟ್ಟು ಬಿಡಲಿಲ್ಲ. ತುಟಿ ಮಾತ್ರ ಬೆಳ್ಳಗಾಯಿತು. ಆಮೇಲೆ ಮಗನ ಅಂಗಿಯನ್ನು ಅಲ್ಲೇ ನಿಂತು ಬಿಚ್ಚತೊಡಗಿದಳು.

ಸಾಹೇಬರು ಬದುಕಿದರು. ಈಗ ಊರುಗೋಲು ಹಿಡಿದು ನಡೆಯುತ್ತಾರೆ. ನನ್ನ ಸೊಂಟದಲ್ಲಿ ನಾಲ್ಕು ಮೆಟ್ಟಿಲಿನ ನೋವು ಹಾಗೇ ಉಳಿದಿದೆ, ಮೋಡ ಕವಿದರೆ ಏಳುತ್ತದೆ. ಊರಿನ ತುಂಬ ಒಂದೊಂದು ಮೆಟ್ಟಿಲು ಕುಂಟುವವರಿದ್ದಾರೆ, ಯಾರನ್ನಾದರೂ ಕೇಳಿ ನೋಡಿ, ತಮ್ಮ ಮೆಟ್ಟಿಲನ್ನು ಬಿಟ್ಟುಕೊಡುವುದಿಲ್ಲ. ದಳ ಬಿಟ್ಟ ಮೇಲೆ ನಾನು ಅಗಸಿಯಲ್ಲಿ ಅಂಗಡಿ ಇಟ್ಟೆ. ಬಂದವರೆಲ್ಲ ಹರಿದ ಬೂಟನ್ನು ಎದುರಿಗಿಟ್ಟು ಹಳೆಯ ರೂಢಿಯಂತೆ ಕೆಮ್ಮುತ್ತಾರೆ. ಸಾಹೇಬರು ಒಬ್ಬರೇ ವರ್ಷಕ್ಕೊಮ್ಮೆ ಬಂದು, ಕಟ್ಟೆಯ ಮೇಲೆ ಕೂತು, "ಹುಲಗಪ್ಪ, ಹೊಲಿ" ಎನ್ನುತ್ತಾರೆ. ಎನ್ನುವಾಗ ತಮ್ಮ ಹೆಬ್ಬೆರಳನ್ನು ಮಡಿಲಲ್ಲಿ ಬಿಡಿಸಿ ಇಟ್ಟುಕೊಂಡಿರುತ್ತಾರೆ. ಹದಿನೆಂಟು ವರ್ಷವಾಯಿತು, ಆ ಬೂಟು ಹೊಲಿಯುವಾಗ ಒಂದು ಸಲವೂ ನನಗೆ ಸೂಜಿ ಚುಚ್ಚಿಲ್ಲ.